ತುಟಿಯಲ್ಲಿ ದಾರಿ ತೋರಿಸುವವ

ಮನಾಗ್ವಾ ನಗರದ ನಮ್ಮ ಬೀದಿಯಲ್ಲಿ ವೆಬ್ ವಿಳಾಸದ ಪಂಡಿತನೆಂದರೆ ನಾನೇ, ಎವೆನೊರ್: ಮುಂದೆ ಹೊಟ್ಟೆ, ಅದರ ಮೇಲೆ ಲ್ಯಾಪ್‌ಟಾಪ್, ಎಲ್ಲಕ್ಕಿಂತ ಮೇಲೆ ಜಂಬ. ಅಂಗಡಿಯವರು ವೆಬ್‌ಸೈಟಿನ ಹೆಸರು ಬದಲಿಸಿದರೆ, ಹಳೆಯ ಹೆಸರು ಹಿಡಿದು ಬಂದವರನ್ನು ಹೊಸದಕ್ಕೆ ಕಳಿಸುವ ಒಂದು ಸಾಲಿನ ಡಿಎನ್‌ಎಸ್ ದಾಖಲೆ ಬರೆಯುತ್ತೇನೆ. ಬರೆಯಲು ಎರಡು ನಿಮಿಷ ಸಾಕು. ಮಹಾಕಾರ್ಯವೆನಿಸಲಿ ಎಂದು ಅರ್ಧ ದಿನ ಹುಬ್ಬು ಗಂಟಿಕ್ಕಿ ಕೂರುತ್ತೇನೆ. "ಹೊಸ ಸೈಟು ಇನ್ನೂ ಬರ್ತಿಲ್ವಲ್ಲ, ಎವೆನೊರಣ್ಣ?" ಎಂದು ಬೇಕರಿಯ ಚೆಪಿತಾ ಕೇಳಿದರೆ, "ಎರಡು ದಿನ ತಡಿಯಮ್ಮ, ಸುದ್ದಿ ಪ್ರಪಂಚಕ್ಕೆಲ್ಲ ಹರಡ್ಬೇಕು" ಎನ್ನುತ್ತೇನೆ, ನಾನೇ ಅಕ್ಷರ ತಪ್ಪಾಗಿ ಬರೆದಿದ್ದರೂ ಅದೇ ಉತ್ತರ. "ಕೆಲ್ಸಕ್ಕೆ ಬಾರದ ಹಳೇ ದಾಖಲೇನ ಅಳಿಸ್ಬಿಡ್ಬೇಕು" ಎಂಬ ಉಪದೇಶ ಪುಕ್ಕಟೆ. ನಮ್ಮಲ್ಲಿ ಮನೆಗಳಿಗೆ ನಂಬರಿಲ್ಲ, ಜನ ಹೇಳುವ ಗುರುತೇ ವಿಳಾಸ. ನನ್ನದು ಇವತ್ತಿಗೂ "ಟೈಲರ್ ಮೆಲ್ಬಾಳ ಮನೆ". ನನ್ನ ಹೆಂಡತಿಯಾಗಿದ್ದ ಮೆಲ್ಬಾ ಆರು ವರ್ಷದ ಹಿಂದೆಯೇ ನನ್ನನ್ನು ಬಿಟ್ಟು, ಸರೋವರದ ಕಡೆಗೆ ಮೂರು ಬೀದಿ ಆಚೆ, ಬೀಗ ರಿಪೇರಿಯವನ ಜೊತೆ ಸಂಸಾರ ಹೂಡಿದಳು. ಬಟ್ಟೆಯ ಗಂಟು ಹಿಡಿದ ಹೆಂಗಸರು ಇನ್ನೂ ನನ್ನ ಬಾಗಿಲು ತಟ್ಟುತ್ತಾರೆ. ನಾನು ನಮ್ಮೂರ ರೂಢಿಯಂತೆ, ಬೆರಳಿನ ಬದಲು ತುಟಿ ಚಾಚಿ ಆ ದಿಕ್ಕು ತೋರಿಸುತ್ತೇನೆ. "ಅವಳ ಟೈಲರ್ ಬೋರ್ಡು ಇನ್ನೂ ಯಾಕಣ್ಣ ಬಾಗಿಲ ಮೇಲೆ? ತೆಗ್ದು ಬಿಸಾಕು" ಎಂದು ಮೊನ್ನೆ ಚೆಪಿತಾ ಗದರಿದಳು. "ಎರಡು ದಿನ ತಡಿಯಮ್ಮ" ಎಂದೆ.