ಗಾಣ ನಿಲ್ಲುವ ತನಕ

ಮದ್ರಾಸಿನ ಕೇಂದ್ರ ಬ್ಯಾಂಕಿನಲ್ಲಿ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬುಕ್ಕಸಾಗರದ ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ. ಆ ಕೆಲಸ ಹೋದರೆ ಮತ್ತೆ ಅಪ್ಪನ ನೇಗಿಲೇ ಗತಿ.

ಸುಗ್ಗಿಯ ವ್ಯಾಪಾರಕ್ಕೆಂದು ಹೊಸಪೇಟೆಯ ಖಜಾನೆಗೆ ಹೆಚ್ಚು ನೋಟು ಕಳಿಸಿ, ಸುಗ್ಗಿ ಮುಗಿದ ಮೇಲೆ ವಾಪಸು ತರಿಸುವುದು ನಮ್ಮ ವಿಭಾಗದ ಪದ್ಧತಿ. ಆ ವರ್ಷ ಬಳ್ಳಾರಿಯ ಹತ್ತಿ ಮುಗಿದದ್ದೇ ತಡ, ಮೇಲಧಿಕಾರಿ ಇಡೀ ಜಿಲ್ಲೆಯ ಸುಗ್ಗಿ ಮುಗಿಯಿತೆಂದು ನೋಟು ವಾಪಸು ತರಿಸುವ ಆಜ್ಞೆ ಬರೆದರು.

"ಹೊಸಪೇಟೆಯ ಕಾಲುವೆ ಬದಿಯ ಕಬ್ಬು ಇನ್ನೂ ನಿಂತಿದೆ, ಸರ್," ಎಂದೆ.

"ಹೋಗಿ ನೋಡಿ ಬನ್ನಿ. ನಿಮ್ಮ ಮಾತು ಸುಳ್ಳಾದರೆ ಊರಲ್ಲೇ ಉಳಿದುಬಿಡಿ."

ನಮ್ಮೂರಿಗೆ ಹತ್ತಿರದ ಕಮಲಾಪುರದ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಸುಗ್ಗಿ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದಕ್ಕೆ ಬೆಲ್ಲ ಕಾಯಿಸುವ ಮುದುಕ ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿದ.

"ಬುಕ್ಕಸಾಗರದವ ಅಂತೀ, ಇಷ್ಟೂ ಗೊತ್ತಿಲ್ಲೇನು? ಬಿ.ಎ.ದಾಗ ಕಬ್ಬಿಂದು ಹೇಳಿಕೊಡಂಗಿಲ್ಲೇನು?"

"ಗೊತ್ತೈತಜ್ಜ. ಸುಗ್ಗಿ ಮುಗೀತು ಅಂತ ಮದ್ರಾಸಿನ ಸಾಹೇಬ್ರು ನೋಟು ವಾಪಸ್ ತರಸ್ತಾರ. ನಿಮ್ಮ ಬಾಯಿಂದ ಒಂದ್ ಮಾತು ಬೇಕು."

"ಹಂಗಾರ ಬರ್ಕೋ. ಇನ್ನೊಂದು ತಿಂಗಳು ಗಾಣ ನಿಲ್ಲಂಗಿಲ್ಲ. ಈಗ ರೊಕ್ಕ ಎಳ್ಕಂಡ್ರ ಕಬ್ಬು ಕಡಿಯೋರಿಗೆ ಕೂಲಿ ಏನ್ ಕೊಡೋದು, ನಿಮ್ ಸಾಹೇಬನ ಟೊಪ್ಪಿಗೀನಾ?"

ಟೊಪ್ಪಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ವರದಿಯಲ್ಲಿ ಬರೆದೆ. ಮೇಲಧಿಕಾರಿ ಅದನ್ನು ಎರಡು ಸಲ ಓದಿದರು.

"ಒಂದು ತಿಂಗಳು ಎಂಬ ಮಾತಿಗೆ ಯಾರು ಹೊಣೆ?"

"ನಾನೇ," ಎಂದು ಅವರ ಮುಂದೆಯೇ ಸಹಿ ಹಾಕಿದೆ.

ಅವರು ತಮ್ಮ ಆಜ್ಞೆಗೆ ಅಡ್ಡಗೆರೆ ಎಳೆದು, ಬರುವ ವರ್ಷದ ಸುಗ್ಗಿಯ ವರದಿಯನ್ನೂ ನಾನೇ ಬರೆಯಬೇಕೆಂದರು.