ವರದಿಗಾರ್ತಿಯ ಸಿನಿಮಾ ನೋಡಿ ಬಂದ ಮೇಲೆ

ಸಿನಿಮಾದ ಪತ್ರಕರ್ತರ ಪೆನ್ನಿನಲ್ಲಿ ಶಾಯಿ ಮುಗಿದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಒಂದು ಕನ್ನಡ ವಾರಪತ್ರಿಕೆಗೆ ನಾನು ಊರ ಸುದ್ದಿ ಕಳಿಸುತ್ತಿದ್ದ ದಿನಗಳಲ್ಲಿ ನನ್ನ ಪೆನ್ನಾದರೋ ಕಾಗದಕ್ಕಿಂತ ಅಂಗಿಯ ಜೇಬಿನ ಮೇಲೆಯೇ ಹೆಚ್ಚು ಬರೆಯುತ್ತಿತ್ತು. ಹೈದರಾಬಾದಿನ ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ನಾಲ್ಕೈದು ವರ್ಷಗಳಾಗಿದ್ದವು. ಯೆಣೆಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಮಾಸ್ತರ. ಮದುವೆಯಾಗಿ ಆರು ತಿಂಗಳು. ಹೆಂಡತಿ ನೀಲವ್ವ ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡದ ಅಕ್ಷರಗಳನ್ನು ಆಕೆಗೆ ಕಲಿಸಿದ್ದು ತಂದೆಯ ಮನೆಯ ವಚನದ ಪುಸ್ತಕ.

ಒಂದು ಭಾನುವಾರ ಬಸ್ಸು ಹತ್ತಿ ಉಮರ್ಗಾದ ತಗಡಿನ ಟಾಕೀಸಿಗೆ ಹೋದೆವು. ಮಧ್ಯಾಹ್ನದ ಆಟ, ಹಳೆಯ ಹಿಂದಿ ಚಿತ್ರ: ಎರಡು ಪತ್ರಿಕೆಗಳ ವರದಿಗಾರ ವರದಿಗಾರ್ತಿಯರು ಒಂದೇ ಸುದ್ದಿಗಾಗಿ ಕಿತ್ತಾಡಿ, ಕೊನೆಗೆ ಸುದ್ದಿಯನ್ನೇ ಮರೆತು ಪ್ರೇಮದಲ್ಲಿ ಬೀಳುತ್ತಾರೆ. ನಾಯಕಿ ನಾಯಕನ ಟಿಪ್ಪಣಿ ಪುಸ್ತಕವನ್ನು ಎಗರಿಸಿ ಓಡಿದಾಗ ನೀಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಆಕೆಯ ನಗೆಯ ದನಿಯನ್ನು ನಾನು ಕೇಳಿದ್ದು ಅಂದೇ ಮೊದಲು.

ತಿರುಗಿ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: “ಹೆಣ್ಮಕ್ಕಳೂ ಸುದ್ದಿ ಬರೀತಾರೇನ್ರೀ?”

“ಸಿನಿಮಾದಾಗ ಬರೀತಾರ,” ಎಂದು ನಕ್ಕೆ. ಆಕೆ ಕಿಟಕಿಯತ್ತ ತಿರುಗಿದಳು.

ಮರುವಾರ ನಾನೊಂದು ವರದಿ ಬರೆದೆ. ಊರ ಬಾವಿಯ ಹೊಸ ಮೆಟ್ಟಿಲುಗಳ ನಿರ್ಮಾಣ ಸಂಪೂರ್ಣ, ಗಣ್ಯರಿಂದ ಸಂತೋಷ ವ್ಯಕ್ತ, ಇತ್ಯಾದಿ. ನೀಲವ್ವ ಅಕ್ಷರ ಕೂಡಿಸಿ ಓದಿದಳು.

“ಇದು ಖೋಟಾ ಅದ. ಕೆಳಗಿನ ಎರಡು ಪಾವಟಿಗಿ ಕಟ್ಟೇ ಇಲ್ಲ. ಬಾಜೂ ಮನಿ ಕಾಕಿ ನಿನ್ನಿ ಜಾರಿ ಬಿದ್ದು ಕಾಲು ಉಳಕಿಸ್ಕೊಂಡಾಳ.”

“ಚಾವಡ್ಯಾಗ ಎಲ್ಲಾ ಮುಗದದ ಅಂತ ಹೇಳಿದ್ರು.”

“ಚಾವಡ್ಯಾಗ ಕುಂತವರು ನೀರು ತರ್ತಾರೇನ್ರೀ?”

ಸಮಾಸಗಳ ಮೇಲೆ ಸಮಾಸ ಪೇರಿಸಿ ಕಟ್ಟಿದ್ದ ನನ್ನ ವರದಿ ಆ ಒಂದೇ ಪ್ರಶ್ನೆಗೆ ಕುಸಿದುಬಿತ್ತು. ಬಸ್ಸಿನಲ್ಲಿ ನಕ್ಕದ್ದು ನೆನಪಾಗಿ ನಾಚಿಕೆಯಾಯಿತು. ಕಾಗದ, ಪೆನ್ನು ಆಕೆಯ ಮುಂದಿಟ್ಟು, “ನೀನೇ ಬರಿ,” ಎಂದೆ.

ನಾಲ್ಕು ಸಾಲಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಮಾಸ್ತರಿಕೆಯ ಹಮ್ಮಿನಿಂದ ಒಂದು ಕಾಗುಣಿತ ತಿದ್ದಿದೆ; ನಿಘಂಟು ನೋಡಿದಾಗ ಆಕೆಯದೇ ಸರಿಯಾಗಿತ್ತು. ಆಕೆಯ ಹೆಸರಿನಲ್ಲೇ ಅದನ್ನು ಅಂಚೆಗೆ ಹಾಕಿದೆ.

ಸುದ್ದಿ ಅಚ್ಚಾಯಿತು. ಅದೇ ವಾರ ಗೌಂಡಿ ಬಂದು ಉಳಿದ ಮೆಟ್ಟಿಲುಗಳನ್ನು ಕಟ್ಟಿದ. ನೀಲವ್ವ ಮಾತ್ರ ಪತ್ರಿಕೆಯ ಮುಂದೆ ಕುಳಿತು ತನ್ನ ಹೆಸರಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡಳು.

“ಇದರಾಗ ನಿಮ್ಮ ಹೆಸರೇ ಇಲ್ಲಲ್ರೀ.”

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆರು ತಿಂಗಳಿಂದ ನಾನು ಬರೀ ‘ಇವರು’. ನೀಲವ್ವ ಪೆನ್ನು ಎತ್ತಿಕೊಂಡು, ತನ್ನ ಹೆಸರಿನ ಮಗ್ಗುಲಿಗೆ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು.

“ಓದು, ಕೇಳೋಣ,” ಎಂದೆ.

“ನೀವೇ ಓದ್ಕೋರಿ,” ಎಂದು ಆಕೆ ಒಳಗೆ ಓಡಿದಳು.