ಹುಣಸೆಮರದಿಂದ ಹದಿನೇಳು ಹೆಜ್ಜೆ

ಮಾರನಕಟ್ಟೆ ಪುರಸಭೆಯ ವಾಟರ್‌ಮ್ಯಾನ್ ಮಹದೇವಯ್ಯನಿಗೆ ಐವತ್ತೆಂಟು ವರ್ಷ. ಊರಿನ ನೆಲದಡಿ ಯಾವ ಕೊಳವೆ ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆ, ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ ಎಂಬುದು ಗೊತ್ತಿದ್ದದ್ದು ಅವನೊಬ್ಬನಿಗೆ. ನಕ್ಷೆ ಅಂತ ಒಂದು ಇತ್ತಂತೆ. ಗ್ರಾಮ ಪಂಚಾಯಿತಿ ಹೋಗಿ ಪುರಸಭೆ ಬಂದಾಗ, ಬೀರು ಸಾಗಿಸುವ ಗಲಾಟೆಯಲ್ಲಿ ಅದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಯಾರೂ ಹುಡುಕಲೂ ಇಲ್ಲ. ಮಹದೇವಯ್ಯ ಇದ್ದಾನಲ್ಲ, ನಕ್ಷೆ ಯಾಕೆ ಅಂದುಕೊಂಡರು.

ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಮುಕ್ಕಾಲು ಗಂಟೆಯ ಹಾದಿ ಈ ಮಾರನಕಟ್ಟೆ. ಬಸ್ಸಿನವನು ಮನಸ್ಸು ಮಾಡಿದರೆ ಅರ್ಧ ಗಂಟೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿದ್ದದ್ದು ಒಂದು ಕೆರೆ, ನಾಲ್ಕು ಬೀದಿ, ಎರಡು ಟೀ ಅಂಗಡಿ. ಈಗ ಸುತ್ತಲಿನ ಐದು ಹಳ್ಳಿ ಸೇರಿಸಿ ಪುರಸಭೆ ಮಾಡಿದ್ದಾರೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನಲ್ಲಿ ಕಾಸು ಕಂಡವರು ಇಲ್ಲಿ ಸೈಟು ತೆಗೆದರು. ಕೆ.ಆರ್. ನಗರದ ಗದ್ದೆಯವರು ಮಕ್ಕಳನ್ನು ಮೈಸೂರಿನ ಶಾಲೆಗೆ ಕಳಿಸುವುದಕ್ಕೆಂದು ಬಾಡಿಗೆ ಮನೆ ಹಿಡಿದರು. ಈ ಮನೆಗಳನ್ನೆಲ್ಲ ಕಟ್ಟಲು ಎಚ್.ಡಿ. ಕೋಟೆ ಕಡೆಯಿಂದ ಬಂದ ಗಾರೆಯವರು ಹಿತ್ತಿಲಲ್ಲಿ ಶೀಟು ಹಾಕಿಕೊಂಡು ಇಲ್ಲೇ ಉಳಿದರು. ಬಡಾವಣೆಗಳಿಗೆ ಇಂಗ್ಲಿಷಿನಲ್ಲಿ ತೋಟದ ಹೆಸರು, ಹೂವಿನ ಹೆಸರು. ಒಳಗೆ ನೋಡಿದರೆ ಒಂದು ಚೆಂಡುಹೂವಿನ ಗಿಡವೂ ಇಲ್ಲ. ಜನ ನಾಲ್ಕು ಪಟ್ಟಾದರು. ನೀರಿನ ಟ್ಯಾಂಕು ಮಾತ್ರ ಅದೇ ಒಂದು.

ಮಹದೇವಯ್ಯನ ಅಪ್ಪ, ತಾತ ಎಲ್ಲ ಕೆರೆಯ ನೀರುಗಂಟಿಗಳು. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ತಿರುಗಿಸುವುದು ಅವರ ಕೆಲಸ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಅವರದೊಂದು ಕಟ್ಟುನಿಟ್ಟು ಇತ್ತು: ಮೊದಲು ಕಡೇ ಗದ್ದೆಗೆ ನೀರು, ಆಮೇಲೆ ತೂಬಿನ ಮಗ್ಗುಲ ಗದ್ದೆಗೆ. ತೂಬಿನ ಪಕ್ಕದವನಿಗೆ ಮೊದಲು ಬಿಟ್ಟರೆ ಕಡೆಯವನ ಪಾಲು ದಾರಿಯಲ್ಲೇ ಇಂಗಿಹೋಗುತ್ತದೆ. ಊರಿಗೆ ನಲ್ಲಿ ಬಂದು, ಮಹದೇವಯ್ಯ ವಾಲ್ವು ತಿರುಗಿಸುವ ಕಬ್ಬಿಣದ ಉದ್ದನೆಯ ಕೀಲಿ ಹಿಡಿದಾಗಲೂ ಅದೇ ಪದ್ಧತಿ ಮುಂದುವರಿಸಿದ. ಬೆಳಿಗ್ಗೆ ಐದೂವರೆಗೆ ಎಲ್ಲರಿಗಿಂತ ಮೊದಲು ನೀರು ಕಾಣುತ್ತಿದ್ದದ್ದು ಕೊಳವೆಯ ಕಡೆಯಲ್ಲಿದ್ದ ಕೆಳಗೇರಿಯ ನಲವತ್ತೆರಡು ಮನೆ. ಅವನ ಮನೆಯೂ ಅಲ್ಲೇ ಇದ್ದುದರಿಂದ, ತನ್ನ ಬೀದಿಗೆ ಮೊದಲು ಬಿಟ್ಟುಕೊಳ್ಳುತ್ತಾನೆ ಅಂತ ಬಡಾವಣೆಯವರು ದೂರು ಕೊಟ್ಟದ್ದುಂಟು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಕೆಳಗೇರಿಯ ವಾಲ್ವು ಇದ್ದದ್ದು ದೊಡ್ಡ ರಸ್ತೆಯ ಅಂಚಿನ ಒಂದು ಗುಂಡಿಯಲ್ಲಿ. ಗುಂಡಿಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಮಣ್ಣು ಮುಚ್ಚದಿದ್ದರೆ ಕಂಡಕಂಡವರು ಕೈ ಹಾಕುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಜಾಗ ಗುರುತಿಟ್ಟುಕೊಂಡಿದ್ದ: ಚಿಕ್ಕಸಿದ್ದಮ್ಮನ ಮನೆ ಮುಂದಿನ ಹುಣಸೆಮರದ ಬುಡದಿಂದ ಹಾಲಿನ ಡೈರಿಯ ಕಡೆಗೆ ಹದಿನೇಳು ಹೆಜ್ಜೆ. ಆಮೇಲೆ ಮೂವತ್ತು ವರ್ಷ ಕಾಲೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿತ್ತು, ಎಣಿಸುವ ಪ್ರಸಂಗವೇ ಬರಲಿಲ್ಲ.

ಹೋದ ಮಾಘದಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಕಂಟ್ರಾಕ್ಟರ್ ಕಡೆಯ ಮೇಸ್ತ್ರಿ ಬಂದು, "ಮಿಷನ್ ಬತ್ತದೆ, ಪೈಪ್ ಒಡೆದ್ರೆ ಊರೆಲ್ಲ ಕೆರೆ ಆಯ್ತದೆ. ಎರಡೇ ದಿವ್ಸ ನಿಮ್ ಕೆಳಗೇರಿ ವಾಲ್ವು ಮುಚ್ಚಿ ಮಹದೇವಯ್ಯನೋರೆ" ಅಂದ. ಮಾತು ಸರಿಯಾಗೇ ಇತ್ತು. ಮಹದೇವಯ್ಯ ಗುಂಡಿಗಿಳಿದು, ತನ್ನ ಕೈಯಾರೆ ವಾಲ್ವು ಬಿಗಿಯಾಗಿ ಮುಚ್ಚಿದ. ಅವತ್ತೇ ಮಧ್ಯಾಹ್ನ ಅಂತರಸಂತೆಯಿಂದ ಫೋನು ಬಂತು, ಅವನ ಅಕ್ಕ ತೀರಿಕೊಂಡಿದ್ದಳು. ಅಕ್ಕನಿಗೆ ಗಂಡುಮಕ್ಕಳಿಲ್ಲ, ಎಲ್ಲಾ ತಮ್ಮನೇ ನಿಂತು ಮಾಡಬೇಕು. ಹೊರಡುವ ಮುಂಚೆ ಮೇಸ್ತ್ರಿಗೆ ಎರಡೆರಡು ಸಲ ಹೇಳಿದ: "ಗುಂಡಿ ಸುತ್ತ ಇಟ್ಟಿಗೆ ಕಟ್ಟಿ ರಸ್ತೆ ಮಟ್ಟಕ್ಕೆ ಎತ್ತರ್ಸಿ, ಮೇಲೊಂದು ಮುಚ್ಚಳ ಕೂರ್ಸಿ. ಮರೀಬೇಡಿ ಕಣ್ರಪ್ಪ." ಮೇಸ್ತ್ರಿ ಹೂಂ ಅಂದ. ಬಾಯಿಮಾತಿನಲ್ಲಿ ಹೇಳಿ ಹೋದದ್ದೇ ತಪ್ಪಾಯಿತು. ಆದರೆ ಮೂವತ್ತು ವರ್ಷದಿಂದ ಆ ಊರಿನ ನೀರೆಲ್ಲ ಬಾಯಿಮಾತಿನ ಮೇಲೇ ನಡೆದಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬಂದು ಬಸ್ಸಿಳಿದರೆ, ಅವನಿಗೆ ಒಂದು ಗಳಿಗೆ ಬೇರೆ ಊರಲ್ಲಿ ಇಳಿದೆನೇನೋ ಅನ್ನಿಸಿತು. ಹುಣಸೆಮರ ಇಲ್ಲ. ಡೈರಿ ಕಟ್ಟಡ ಇಲ್ಲ. ಚಿಕ್ಕಸಿದ್ದಮ್ಮನ ಜಗಲಿ ಹೋಗಿ, ಮನೆಯ ಬಾಗಿಲು ನೆಟ್ಟಗೆ ರಸ್ತೆಗೇ ಬಂದು ನಿಂತಿದೆ. ಈ ತುದಿಯಿಂದ ಆ ತುದಿಗೆ ಬಿಳೀ ಕಾಂಕ್ರೀಟು, ಒಂದು ಗೀರೂ ಇಲ್ಲದ ಹಾಗೆ. ಕೆಳಗೇರಿಯ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಅವನನ್ನೇ ಕಾಯುತ್ತಿದ್ದರು. ಹನ್ನೆರಡು ದಿನ ಬಡಾವಣೆಯವರ ಬೋರ್‌ವೆಲ್ ಮುಂದೆ ನಿಂತು ಅನ್ನಿಸಿಕೊಂಡು ನೀರು ತಂದವರು. ಅವನನ್ನು ಕಂಡು ಅವರ ಮುಖ ಅರಳಿತು.

ಪುರಸಭೆಯ ಇಂಜಿನಿಯರ್ ಚೇತನ್‌ಕುಮಾರ್ ಮಿರ್ಲೆ ಕಡೆಯ ಹುಡುಗ, ಕೆಟ್ಟವನಲ್ಲ. ಬೇರೆ ಊರಿನ ಕೆಲಸಕ್ಕೆ ಹೋಗಿದ್ದ ಮೇಸ್ತ್ರಿಗೆ ಫೋನು ಮಾಡಿದರೆ, ಗುಂಡಿ ಎಲ್ಲಿತ್ತೋ ಜ್ಞಾಪಕವಿಲ್ಲ ಅಂದ. ಚೇತನ್‌ಕುಮಾರ್ ಕಬ್ಬಿಣ ಪತ್ತೆ ಹಚ್ಚುವ ಯಂತ್ರ ತರಿಸಿದ. ಕಾಂಕ್ರೀಟಿನೊಳಗೆಲ್ಲ ಕಬ್ಬಿಣದ ಸರಳೇ ಇದ್ದುದರಿಂದ ಆ ಯಂತ್ರ ಇಟ್ಟ ಕಡೆಯೆಲ್ಲ ಕೂಗಿತು. ಬೀದಿಯ ಕಡೆಯಿಂದ ಕೊಳವೆಯ ಜಾಡು ಹಿಡಿಯೋಣವೆಂದರೆ, ಅದನ್ನು ಹಾಕಿದ ಕಾಲದಲ್ಲಿ ಹಳೇ ಬಾವಿಯೊಂದನ್ನು ಬಳಸಿಕೊಂಡು ಅಡ್ಡಾದಿಡ್ಡಿ ಹಾಕಿದ್ದರು. ಹೊಸ ಕೊಳವೆ ಎಳೆಯಬೇಕಾದರೂ ರಸ್ತೆ ಒಡೆಯಲೇಬೇಕು. ಎರಡು ವರ್ಷ ರಸ್ತೆಗೆ ಕೈ ಹಚ್ಚುವ ಹಾಗಿಲ್ಲ ಅಂತ ಕರಾರಿನಲ್ಲಿತ್ತು. ಚೇತನ್‌ಕುಮಾರ್ ಮೇಲಿನವರಿಗೆ ಬರೆದು, ಗೋಗರೆದು, ಮೂರೇ ಮೂರು ಗುಂಡಿಗೆ ಒಪ್ಪಿಗೆ ತಂದ. "ಮೂರರೊಳಗೆ ಸಿಗ್ಬೇಕು ಮಹದೇವಯ್ಯನೋರೆ. ನಾಲ್ಕನೇದು ನನ್ ಕೈಲಿಲ್ಲ" ಅಂದ.

"ಮೂರ್ಯಾಕೆ ಸಾರ್, ಒಂದೇ ಸಾಕು" ಅಂದುಬಿಟ್ಟ ಮಹದೇವಯ್ಯ. ಆ ಮಾತಿಗೆ ಅವನು ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡನೋ.

ಮರ ಇದ್ದ ಜಾಗ ಅಂದಾಜು ಮಾಡಿ, ಹದಿನೇಳು ಹೆಜ್ಜೆ ಎಣಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಕಾಂಕ್ರೀಟು ಕೊಯ್ಯುವ ಯಂತ್ರ ಬಂದು ಧೂಳೆಬ್ಬಿಸಿ ಒಂದಾಳು ಆಳ ತೋಡಿದರು. ಒಣ ಮಣ್ಣು, ಕಲ್ಲು, ಹಳೇ ಚಪ್ಪಲಿ. ವಾಲ್ವಿನ ಸುಳಿವಿಲ್ಲ.

ಮನೆಗೆ ಬಂದು ಮುದ್ದೆ ಮುಂದೆ ಕೂತವನು ತುತ್ತು ಎತ್ತಲಿಲ್ಲ. ಹೆಂಡತಿ ಕೆಂಪಾಜಮ್ಮ ಕೇಳಿದಳು: "ಹೆಜ್ಜೆ ಎಣಿಸ್ದಾಗ ನಿಮ್ಗೆಷ್ಟು ವಯಸ್ಸು?"

"ಇಪ್ಪತ್ತೆಂಟಿರ್ಬೋದು."

"ಮಂಡಿ ನೋವು ಬಂದ್ಮೇಲೆ ನೀವು ನಡೆಯೋದು ನಂಗಿಂತ ನಿಧಾನ ಕಣ್ರೀ. ಆಗಿನ್ ಹೆಜ್ಜೆನ ಈಗಿನ್ ಕಾಲಲ್ಲಿ ಅಳದ್ರೆ ಆಯ್ತದಾ?"

ಅವನಿಗೆ ಒಮ್ಮೆಲೇ ಜೀವ ಬಂದ ಹಾಗಾಯಿತು. ಮಾರನೇ ದಿನ ಮಗಳು ಸುಕನ್ಯಳನ್ನು ಜೊತೆಗೆ ಕರೆದುಕೊಂಡು ಹೋಗಿ, ಮಂಡಿ ನೋವನ್ನು ಹಲ್ಲುಕಚ್ಚಿ ತಡೆದುಕೊಂಡು, ಹರೆಯದವನ ಹಾಗೆ ಬೀಸುಗಾಲು ಹಾಕಿ ಹದಿನೇಳು ಎಣಿಸಿದ. ನಡುರಸ್ತೆಯಲ್ಲಿ ಮುದುಕ ದಾಪುಗಾಲು ಹಾಕುವುದನ್ನು ಕಂಡು ಕಾರಿನವರು ನಕ್ಕರು. ಎರಡನೇ ಗುಂಡಿ ಅಲ್ಲಿ ಬಿತ್ತು. ಅಲ್ಲೂ ಬರೀ ಮಣ್ಣು.

ಈಗ ಬೀದಿಯಲ್ಲಿ ಮಾತು ಎದ್ದಿತು. ಬೇಕೆಂದೇ ಜಾಗ ಮರೆಸುತ್ತಿದ್ದಾನೆ, ಬಡಾವಣೆಯವರ ಕಡೆ ಸೇರಿಕೊಂಡಿದ್ದಾನೆ ಅಂತ ಅವನ ಬೆನ್ನ ಹಿಂದೆ ಆಡಿದರು. ಆಮೇಲೆ ಮುಂದೆಯೇ ಆಡಿದರು. ಮೂವತ್ತು ವರ್ಷ ಕಡೆಯವರಿಗೆ ಮೊದಲು ನೀರು ಬಿಟ್ಟವನಿಗೆ ಈ ಮಾತು! ಅವನು ಜಗಳಕ್ಕೆ ಹೋಗಲಿಲ್ಲ. ನೀರಿಲ್ಲದ ಮನೆಯವರ ಬಾಯಿಗೆ ಯಾವ ಮುಖ ಇಟ್ಟುಕೊಂಡು ಎದುರಾಡುವುದು?

ಅವನಿಗೆ ಬೇಕಾದದ್ದು ಇಷ್ಟೇ: ಹುಣಸೆಮರ ಇದ್ದದ್ದು ಸರಿಯಾಗಿ ಎಲ್ಲಿ? ಅದು ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಅದರ ನೆರಳಲ್ಲಿ ಆಡಿ ಬೆಳೆದ ಇಡೀ ಬೀದಿಯೇ ರಸ್ತೆಯಲ್ಲಿ ನಿಂತು ಕೈ ತೋರಿಸಿತು, ಒಂದೊಂದು ಕೈ ಒಂದೊಂದು ಕಡೆಗೆ. ಒಬ್ಬರು ವಿದ್ಯುತ್ ಕಂಬದ ನೇರಕ್ಕೆ ಅಂದರು. ಕಂಬವನ್ನೇ ಜರುಗಿಸಿದ್ದಾರೆ ಅಂತ ಇನ್ನೊಬ್ಬರು. ಸುಕನ್ಯ ತನ್ನ ಮದುವೆಯ ಫೋಟೋಗಳನ್ನೆಲ್ಲ ತಿರುವಿ ಹಾಕಿದಳು. ಒಂದರಲ್ಲಿ ಮರ ಸಿಕ್ಕಿತು. ಅದರ ಮುಂದೆ ನೆಂಟರು ಸಾಲಾಗಿ ನಿಂತು, ಬುಡವೂ ಕಾಣದ ಹಾಗೆ, ರಸ್ತೆಯೂ ಕಾಣದ ಹಾಗೆ ನಗುತ್ತಿದ್ದರು.

ಮರದ ಯಜಮಾನಿ ಚಿಕ್ಕಸಿದ್ದಮ್ಮನಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಮಹದೇವಯ್ಯ ಅವಳ ಕೈ ಹಿಡಿದು ಬಾಗಿಲಾಚೆ ಕರೆತಂದ.

"ದೊಡ್ಡವ್ವ, ಮರ ಎಲ್ಲಿತ್ತು ಹೇಳು."

"ನಮ್ ಜಗಲಿಯಿಂದ ಎದ್ರೆ ಎದುರ್ಗೇ ಇತ್ತಲ್ಲೋ ಮಾದೇವ."

"ಜಗಲಿ ಎಲ್ಲಿತ್ತು?"

ಮುದುಕಿ ಕಾಂಕ್ರೀಟನ್ನು ಕೋಲಿನಿಂದ ಒಂದೆರಡು ಸಲ ಮುಟ್ಟಿ ನೋಡಿದಳು. "ಅದ್ನೂ ನೀನೇ ಹೇಳ್ಬೇಕು ಕಣಪ್ಪ. ನಿಂಗೊತ್ತಿಲ್ವಾ? ನೀನು ತೋರ್ಸಿದ್ದೇ ಜಾಗ, ಬುಡು" ಅಂದಳು. ಆಡಿಕೊಂಡವರ ಮಾತಿಗಿಂತ ಈ ನಂಬಿಕೆ ಅವನಿಗೆ ಹೆಚ್ಚು ಭಾರವಾಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂರನೇ ಗುಂಡಿ. ಬೀದಿಗೆ ಬೀದಿಯೇ ಬಂದು ನಿಂತಿತ್ತು. ಚೇತನ್‌ಕುಮಾರ್ ಸೀಮೆಸುಣ್ಣ ಕೊಟ್ಟು, "ಅವಸರ ಇಲ್ಲ, ನಿಮ್ಗೆ ಅನ್ಸಿದ್ ಕಡೆ ಹಾಕಿ" ಅಂದ. ಮಹದೇವಯ್ಯ ಈ ಸಲ ಎಣಿಸಲಿಲ್ಲ. ಕಣ್ಣು ಮುಚ್ಚಿಕೊಂಡು, ಬೆಳಗಿನ ಐದೂವರೆಗೆ ಕೀಲಿ ಹೆಗಲಿಗೇರಿಸಿ ಹೊರಟಾಗ ನಡೆಯುತ್ತಿದ್ದ ಹಾಗೆ ಮನೆಯಿಂದಲೇ ನಡೆದು ಬಂದ. ಕಾಲು ಎಲ್ಲಿ ನಿಂತಿತೋ ಅಲ್ಲಿ ಗೀಟು ಎಳೆದ.

ಕಾಂಕ್ರೀಟು ಕೊಯ್ದು ಎತ್ತಿದರು. ಹಾರೆಯವನು ಎರಡು ಏಟು ಹಾಕಿ ಮೂರನೆಯದಕ್ಕೆ ನಿಂತ. "ಏನೋ ಐತೆ!"

ಮಹದೇವಯ್ಯ ಗುಂಡಿಗೆ ಹಾರಿದ. ಮಂಡಿ ಕುಸಿದದ್ದೂ ಗೊತ್ತಾಗಲಿಲ್ಲ. ಎರಡೂ ಕೈಯಲ್ಲಿ ಮಣ್ಣು ಬಾಚಿ ತೆಗೆದರೆ, ಕೆಳಗೆ ದುಂಡನೆಯ ಕೆಂಪು ಮರ, ಗರಗಸದ ಗುರುತು ಇನ್ನೂ ಹಸಿ. ಕಂಟ್ರಾಕ್ಟರಿನವರು ಬೊಡ್ಡೆ ಕೀಳುವ ತಾಪತ್ರಯ ಬೇಡವೆಂದು ನೆಲಮಟ್ಟಕ್ಕೆ ಕುಯ್ದು ಮೇಲೆ ಕಾಂಕ್ರೀಟು ಸುರಿದಿದ್ದರು. ಅವನ ಕಾಲು ಅವನನ್ನು ವಾಲ್ವಿನ ಹತ್ತಿರಕ್ಕಲ್ಲ, ಹುಣಸೆಮರದ ಬುಡಕ್ಕೆ ಕರೆದುಕೊಂಡು ಬಂದಿತ್ತು. ಪ್ರತಿದಿನ ಬೀಡಿ ಹಚ್ಚಲು ನಿಲ್ಲುತ್ತಿದ್ದದ್ದು ಅಲ್ಲೇ ಅಲ್ಲವೇ, ಕಾಲಿಗೆ ಅದೇ ನೆನಪಿತ್ತು.

ಅವನು ಗುಂಡಿಯಿಂದ ತೆವಳಿ ಮೇಲೆ ಬಂದ. ಬೊಡ್ಡೆಗೆ ಬೆನ್ನು ಕೊಟ್ಟು ನಿಂತು, ಡೈರಿ ಇದ್ದ ದಿಕ್ಕಿಗೆ ಬೀಸುಗಾಲು ಹಾಕಿ ಹದಿನೇಳು ಹೆಜ್ಜೆ ನಡೆದ. ಮೊದಲು ತೋಡಿದ ಎರಡು ಗುಂಡಿಗಳ ತೇಪೆ ಇನ್ನೂ ಆಚೆ ಇತ್ತು. ಅಲ್ಲಿ ನಿಂತು ಕೂಗಿದ: "ಇಲ್ಲಿ ಸಾರ್! ಇಲ್ಲೇ! ಈಗ ಅನುಮಾನವೇ ಇಲ್ಲ, ನನ್ ಕಾಲ್ ಕೆಳ್ಗೇ ಅದೆ!"

ಚೇತನ್‌ಕುಮಾರ್ ಅವನು ನಿಂತ ಜಾಗ ನೋಡಿದ, ಬೊಡ್ಡೆ ನೋಡಿದ, ಕಡೆಗೆ ತನ್ನ ಕೈಯಲ್ಲಿದ್ದ ಒಪ್ಪಿಗೆ ಪತ್ರ ನೋಡಿದ. ಸರಿದು ಹೋಗಿ ಫೋನು ಮಾಡಿದ. ಒಂದು ಸಲ, ಎರಡು ಸಲ. ಬೀದಿಯವರೆಲ್ಲ ಅವನ ಬೆನ್ನನ್ನೇ ನೋಡುತ್ತಿದ್ದರು. ವಾಪಸ್ಸು ಬಂದವನ ಮುಖ ಕೆಂಪಾಗಿತ್ತು.

"ಆಗಲ್ಲಂತೆ ಮಹದೇವಯ್ಯನೋರೆ. ಮೂರು ಅಂದ್ರೆ ಮೂರೇ ಅಂತಾರೆ. ಎರಡನೇ ಹಂತದ ಕಾಮಗಾರಿಲಿ ಹೊಸ ಲೈನ್ ಬರುತ್ತೆ, ಅಲ್ಲೀವರೆಗೆ ವಾರಕ್ಕೆರಡು ಟ್ಯಾಂಕರ್ ಕಳಿಸ್ತೀವಿ. ಹಳೇ ಲೈನ್ ಉಪಯೋಗಕ್ಕಿಲ್ಲ ಅಂತ ಒಂದು ಪತ್ರ ಬೇಕು. ಅದಕ್ಕೆ ನಿಮ್ದೇ ಸಹಿ ಆಗ್ಬೇಕು, ಗೊತ್ತಿರೋರು ನೀವೊಬ್ರೇ."

"ಎರಡನೇ ಹಂತ ಯಾವಾಗ ಸಾರ್?"

ಇಂಜಿನಿಯರಿಗೆ ಅದು ಗೊತ್ತಿರಲಿಲ್ಲ. ಅವನು ಅಲ್ಲೇ ಬರೆದುಕೊಟ್ಟ ಪತ್ರವನ್ನು ಮಹದೇವಯ್ಯ ಓದಿದ. ಉಪಯೋಗಕ್ಕಿಲ್ಲ ಅಂತ ಬರೆದಿತ್ತು. ಕೊಳವೆ ಚೆನ್ನಾಗಿದೆ, ವಾಲ್ವು ಚೆನ್ನಾಗಿದೆ, ಅದರ ಬಾಯಿಯವರೆಗೂ ನೀರು ಬಂದು ನಿಂತಿದೆ, ಎಲ್ಲವೂ ಅವನಿಗೆ ಗೊತ್ತು. ಸಹಿ ಹಾಕದಿದ್ದರೆ ಟ್ಯಾಂಕರೂ ಬರುವುದಿಲ್ಲ. ಯಂತ್ರದವರು ಮೂರನೇ ಗುಂಡಿ ಮುಚ್ಚತೊಡಗಿದ್ದರು. ಅವನು ಪತ್ರವನ್ನು ಇಂಜಿನಿಯರಿನ ಜೀಪಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದ.

ಜನ ಒಬ್ಬೊಬ್ಬರಾಗಿ ಚದುರಿದರು. ಬಡಾವಣೆಯ ಕಡೆ ಹೋಗುವ ಕಾರುಗಳು ಮತ್ತೆ ಓಡಾಡತೊಡಗಿದವು. ಮಹದೇವಯ್ಯ ಮಾತ್ರ ತಾನು ತೋರಿಸಿದ ಜಾಗದಲ್ಲೇ ಹೋಗಿ ನಿಂತುಕೊಂಡ. ಒಬ್ಬ ಹಾರ್ನ್ ಹೊಡೆದ, ಇನ್ನೊಬ್ಬ ಬೈದುಕೊಂಡು ಬಳಸಿ ಹೋದ.

ಚಿಕ್ಕಸಿದ್ದಮ್ಮ ಬಾಗಿಲ ಹತ್ತಿರವೇ ಕೂತಿದ್ದಳು. ಇಷ್ಟು ಹೊತ್ತು ನಡೆದದ್ದರಲ್ಲಿ ಅವಳಿಗೆ ಕೇಳಿಸಿದ್ದು ಅವನ ಕೂಗೊಂದೇ. ಕೋಲೂರಿಕೊಂಡು ರಸ್ತೆಯ ಅಂಚಿಗೆ ಬಂದಳು.

"ಸಿಕ್ತೇನ್ಲಾ ಮಾದೇವ?"

"ಸಿಕ್ತು ಕಣವ್ವ."

"ಇನ್ಯಾಕ್ ನಿಂತಿದ್ದೀಯೋ ಮತ್ತೆ? ನೀರ್ ಬುಡು" ಅಂದಳು ಮುದುಕಿ, ಬಿಂದಿಗೆ ತರಲು ಒಳಗೆ ತಿರುಗುತ್ತ.